ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ

ಚೌಡವ್ವ ಒಂದು ಸುಳ್ಳು ಹೇಳಿದ್ದರೆ ಅವಳ ಮಗ್ಗ ಉಳಿಯುತ್ತಿತ್ತು. ಅವಳಿಗೆ ಅದು ಬರಲಿಲ್ಲ. ಬರಲಿಲ್ಲವೆಂದು ನನಗೆ ಇಂದಿಗೂ ಅವಳ ಮೇಲೆ ಸಿಟ್ಟಿದೆ. ನಿಜವಾಗಿ ಯಾರ ಮೇಲೆ ಸಿಟ್ಟು ಬರಬೇಕೋ ಅವರ ಜೊತೆ ನಾನು ಒಂದೇ ಮನೆಯಲ್ಲಿ ಉಣ್ಣುತ್ತೇನೆ.

ಗಜೇಂದ್ರಗಡದ ನೇಕಾರ ಓಣಿಯಲ್ಲಿ, ಮೈದುನ ಅಂದಪ್ಪನ ಮನೆಯ ಪಡಸಾಲೆಯಲ್ಲಿ ಅವಳದೊಂದು ಕುಣಿಮಗ್ಗವಿತ್ತು. ನೆಲದಲ್ಲಿ ತೋಡಿದ ಕುಣಿಗೆ ಕಾಲು ಇಳಿಬಿಟ್ಟು ಕೂತು, ಗಂಡ ತೀರಿಕೊಂಡ ಮೇಲೂ ಇಪ್ಪತ್ತು ವರ್ಷ ಸೀರೆ ನೇಯ್ದವಳು. "ಮಗ್ಗ ನಡಿಯೂತನಕ ಆ ಜಾಗಾ ನಿಮ್ದರಿ ವೈನಿ. ನಿಂತ ದಿನ ನನಗ ಬಿಟ್ಟುಕೊಡ್ರಿ" ಎಂದು ಅಂದಪ್ಪ ಹಿರಿಯರೆದುರು ಹೇಳಿದ್ದ. ಮಾತು ಬೆಲ್ಲ, ಕರುಳು ಕತ್ತರಿ. ಅವಳೊಡನೆ 'ರಿ' ಹಚ್ಚದೆ ಒಂದು ದಿನವೂ ಮಾತಾಡಿದವನಲ್ಲ.

ಬಣ್ಣದ ನೂಲು ತುಟ್ಟಿಯಾದಾಗ ಅವಳು ಬಿಳಿ ನೂಲು ತಂದು ತಾನೇ ಬಣ್ಣ ಹಾಕಲು ಹೊರಟಳು. ರಾಜೂರಿನಲ್ಲಿ ಉಳ್ಳಾಗಡ್ಡಿ ಹಸನು ಮಾಡಿದ ಮೇಲೆ ಸಿಪ್ಪೆಯನ್ನು ಗುಡ್ಡೆ ಹಾಕಿ ಸುಡುತ್ತಾರೆ. ಅದನ್ನೇ ಚೀಲದಲ್ಲಿ ತುಂಬಿ ಬಸ್ಸಿನಲ್ಲಿ ತಂದಳು. ಕಂಡಕ್ಟರ್ ಬೈದ, ಓಣಿ ನಕ್ಕಿತು. ಸಿಪ್ಪೆ ಕುದಿಸಿ, ಸೋಸಿ, ಪಟಿಕದ ನೀರಿನಲ್ಲಿ ನೆನೆಸಿದ ನೂಲನ್ನು ಅದರಲ್ಲಿ ಅದ್ದಿದಳು. ಮೂರು ಸಲ ಕೆಟ್ಟಿತು. ನಾಲ್ಕನೆಯ ಸಲ ಹೊಸ ಬೆಲ್ಲದ ಬಣ್ಣ ಬಂತು. ಏನು ಚೆಂದ ಅಂತೀರಿ!

ನಮ್ಮತ್ತೆ ಗಂಗಾಬಾಯಿ ನೋಡಿದವರೇ ಮರುಳಾದರು. ನವರಾತ್ರಿಯಲ್ಲಿ ದೇವಿಗೆ ಉಡಿ ತುಂಬಲು ಒಂದು, ಮುತ್ತೈದೆಯರಿಗೆ ಕೊಡಲು ಆರು, ಒಟ್ಟು ಏಳು ಸೀರೆ ಹೇಳಿದರು. ತರಲು ಹೋದಾಗ ನಾನೂ ಜೊತೆಗಿದ್ದೆ.

"ಭಾಳ ಛಂದ ಅದ ಚೌಡವ್ವಾ. ಯಾವ ಬಣ್ಣ ಇದು?" ಎಂದು ಅತ್ತೆ ಸುಮ್ಮನೆ ಕೇಳಿದರು.

"ಉಳ್ಳಾಗಡ್ಡಿ ಸಿಪ್ಪಿದರಿ ಬಾಯಾರ. ನಾನ ಕುದಿಸೇನಿ" ಎಂದಳು, ಮುಖ ಅರಳಿಸಿ.

ನಮ್ಮ ಮನೆಯಲ್ಲಿ ಆ ಒಂಬತ್ತು ದಿನ ಉಳ್ಳಾಗಡ್ಡಿ ಹೊಸ್ತಿಲು ದಾಟುವುದಿಲ್ಲ. ಅದು ಅವಳಿಗೂ ಗೊತ್ತಿತ್ತು. ಉಣ್ಣಲು ಬಾರದ್ದು ಉಡಲೂ ಬಾರದೆಂದು ಮಾತ್ರ ಹೊಳೆದಿರಲಿಲ್ಲ. ಅತ್ತೆ ಕೈಯಲ್ಲಿದ್ದ ಸೀರೆಯನ್ನು ನೆಲಕ್ಕೆ ಬಿಟ್ಟರು. ಬರೀ ಸಿಪ್ಪೆಯಲ್ಲವೇ ಎಂದು ನಾನು ಒಂದು ಮಾತು ಅನ್ನಬಹುದಿತ್ತು, ಅನ್ನಲಿಲ್ಲ. ಅಂದಪ್ಪ ಬಾಗಿಲಿಗೆ ಬಂದು ಓಣಿಗೆಲ್ಲ ಕೇಳುವಂತೆ ಅಂದ: "ತಪ್ಪಾತ್ರಿ ಬಾಯಾರ! ದೇವಿಗೆ ಉಳ್ಳಾಗಡ್ಡಿ ಉಡಸಾಕ ಹೊಂಟಿದ್ರು ನಮ್ಮ ವೈನಿ. ಈ ಮೈಲಿಗಿ ಸೀರಿ ನಾನ ಸುಡತೇನ್ರಿ."

ಆ ಮಾತು ಊರು ಸುತ್ತಿತು. ಯಾರೂ ಅವಳ ಸೀರೆ ಮುಟ್ಟಲಿಲ್ಲ. ನೂಲಿಗೆ ದುಡ್ಡಿಲ್ಲದೆ ಮಗ್ಗ ನಿಂತಿತು. ದೀಪಾವಳಿಗೆ ಅಂದಪ್ಪ ಅದನ್ನು ಬಿಚ್ಚಿ ನೀರೊಲೆಗೆ ಹಾಕಿದ. ಸೀರೆ ಮಾತ್ರ ಸುಡಲಿಲ್ಲ. ಹುಬ್ಬಳ್ಳಿಯ ಅಂಗಡಿಯೊಂದಕ್ಕೆ ಒಯ್ದು ತೋರಿಸಿದ. ಅವರು ಇನ್ನೂ ನೂರು ಬೇಕೆಂದರು. ನೇಯುವುದನ್ನು ಪವರ್‌ಲೂಮಿನವರಿಗೆ ಒಪ್ಪಿಸಿ, ಬಣ್ಣದ ಕೆಲಸವನ್ನು ಮನೆಯಲ್ಲೇ ಇಟ್ಟುಕೊಂಡ. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣ ಎಂದು ಬರೆದ ಚೀಟಿಯನ್ನೇ ಸೆರಗಿಗೆ ಕಟ್ಟಿ ಮಾರುತ್ತಾರಂತೆ.

ಹೋದ ವಾರ ನಾನೂ ಒಂದು ತರಲು ಹೋದೆ, ಆಫೀಸಿಗೆ ಉಡಲು. ನಾಚಿಕೆಗೆಟ್ಟವಳು ನಾನು. ಪಡಸಾಲೆಯಲ್ಲಿ ಎರಡು ಹಂಡೆ ಕುದಿಯುತ್ತಿದ್ದವು. ಮೂರನೆಯದಕ್ಕೆ ಜಾಗ ಬೇಕಾಗಿತ್ತು. ಈಗ ಮೈದುನನಲ್ಲೇ ಕೂಲಿಗಿರುವ ಚೌಡವ್ವ ಮಣ್ಣನ್ನೂ ಬೆಂದ ಸಿಪ್ಪೆಯನ್ನೂ ಬುಟ್ಟಿಯಲ್ಲಿ ಹೊತ್ತು ತಂದು ತನ್ನ ಮಗ್ಗದ ಕುಣಿಗೆ ಸುರಿಯುತ್ತಿದ್ದಳು.

"ಗಟ್ಟಿ ತುಳೀರಿ ವೈನಿ. ನಾಳೆ ಹಂಡೆ ಕುಸೀಬಾರದು" ಅಂದ ಅಂದಪ್ಪ.

ಅವಳು ಸೀರೆ ಎತ್ತಿ ಕಟ್ಟಿ ತುಳಿದಳು. ನಾನು ಸೀರೆ ಆರಿಸುವುದನ್ನು ಕಂಡು, ತುಳಿಯುವುದನ್ನು ನಿಲ್ಲಿಸದೆ ಹೇಳಿದಳು: "ಅದು ಬ್ಯಾಡ್ರಿ ಬಾಯಾರ, ಬಣ್ಣ ಬಿಡತೈತಿ. ಆ ನಡುವಿಂದು ತಗೋರಿ. ಅದನ್ನ ನಾ ಅದ್ದೇನಿ."

ನಾನು ನಡುವಿನದನ್ನೇ ತೆಗೆದುಕೊಂಡೆ.