ದುಂಡಕ್ಷರದ ಸೇಡು

ಆ ಮೇಷ್ಟ್ರ ಮೇಲೆ ನನಗೆ ಈಗಲೂ ಸಿಟ್ಟಿದೆ. ಕ್ಷಮಿಸುವಷ್ಟು ದೊಡ್ಡವಳು ನಾನಲ್ಲ, ಆಗುವ ಆಸೆಯೂ ಇಲ್ಲ.

ಭದ್ರಾವತಿಯಿಂದ ದಿನಾ ಬಸ್ ಹತ್ತಿ ಶಿವಮೊಗ್ಗಕ್ಕೆ ಹೋಗಿ ಮೆಕ್ಯಾನಿಕಲ್ ಡಿಪ್ಲೊಮಾ ಓದುತ್ತಿದ್ದೆ. ಕ್ಲಾಸಿನಲ್ಲಿ ನಾವು ಮೂವರೇ ಹುಡುಗಿಯರು. ವರ್ಕ್‌ಶಾಪಿನ ಮೊದಲ ದಿನವೇ ಮೇಷ್ಟ್ರು ನನ್ನ ನೋಟ್ಸ್ ತಿರುವಿ ನೋಡಿ, "ಏನು ದುಂಡಗಿದೆ ಮಾರಾಯ್ತಿ ನಿನ್ನ ಅಕ್ಷರ! ಲೇತ್ ಹುಡುಗ್ರು ನೋಡ್ಕೋತಾರೆ, ನೀನು ಆ ಮೂಲೇಲಿ ಕೂತ್ಕೊಂಡು ರೆಕಾರ್ಡ್ ಬರಿ" ಎಂದರು. ಹೊಗಳಿದರೆಂದು ಹಿಗ್ಗಿದೆ, ಪೆದ್ದಿ! ಮೂರು ವರ್ಷ ಅರ್ಧ ಕ್ಲಾಸಿನ ರೆಕಾರ್ಡ್ ಬರೆದೆ. ಕಬ್ಬಿಣ ಕಡೆಯುವ ಆ ಲೇತ್ ಯಂತ್ರ ಹೇಗೆ ನಡೆಸಬೇಕೆಂದು ಬಾಯಿಪಾಠ ಒಪ್ಪಿಸಬಲ್ಲವಳಾಗಿದ್ದೆ, ಅದರ ಹಿಡಿಯನ್ನೇ ಮುಟ್ಟಿರಲಿಲ್ಲ.

ಕೊನೆಯ ಪ್ರಾಕ್ಟಿಕಲ್ ದಿನ ಹೊರಗಿನಿಂದ ಬಂದ ಪರೀಕ್ಷಕರು ಕೈಗೊಂದು ಕಬ್ಬಿಣದ ತುಂಡು ಕೊಟ್ಟು, ಒಂದು ತುದಿ ಸಣ್ಣಗಾಗುವಂತೆ ಲೇತಿನಲ್ಲಿ ಕಡೆದು ಕೊಡು ಎಂದರು. ನನಗೆ ಕಬ್ಬಿಣ ಕೆರೆಯುವ ಟೂಲನ್ನು ಲೇತಿಗೆ ಕಟ್ಟಲೂ ಬರಲಿಲ್ಲ. ಪಕ್ಕದಲ್ಲೇ ನಿಂತಿದ್ದ ಮೇಷ್ಟ್ರು, "ಹುಡುಗೀರಿಗೆ ಇದೆಲ್ಲ ಯಾಕೆ ಬೇಕು ಸಾರ್" ಎಂದು ನಕ್ಕರು. ಫೇಲಾದೆ. ಒಂದು ವರ್ಷ ಹೋಯಿತು.

ಆ ವರ್ಷವಿಡೀ ಭದ್ರಾವತಿಯಲ್ಲಿ ನಮ್ಮ ಕ್ವಾರ್ಟರ್ಸ್ ಪಕ್ಕದ ತಮಿಳು ಮಾಮನ ಲೇತ್ ಅಂಗಡಿಯಲ್ಲಿ ಕೆಲಸ ಕಲಿತೆ. ಬೆರಳು ಕೊಯ್ದುಕೊಂಡಾಗಲೆಲ್ಲ ಮೇಷ್ಟ್ರಿಗೆ ಹಿಡಿಶಾಪ ಹಾಕುತ್ತಿದ್ದೆ. ಪಾಸಾದೆ, ಮುಂದೆ ಓದಿದೆ, ಬೇರೆ ಊರಿನಲ್ಲಿ ಪಾಠ ಹೇಳುವ ಕೆಲಸ ಹಿಡಿದೆ.

ಹೋದ ವರ್ಷ ಅದೇ ವರ್ಕ್‌ಶಾಪಿಗೆ ನಾನೇ ಪರೀಕ್ಷಕಿ. ಮೇಷ್ಟ್ರು ಇನ್ನೂ ಅಲ್ಲೇ ಇದ್ದರು. ಹಿಂದಿನ ದಿನ ತವರಿನಲ್ಲಿ ಉಳಿದು ಬೆಳಿಗ್ಗೆ ಹೊರಟೆ. ಬಸ್ಸು ಶಿವಮೊಗ್ಗಕ್ಕೆ ಮುಂಚಿನ ಮಲವಗೊಪ್ಪ ದಾಟುವಾಗಲೇ ಹಲ್ಲು ಕಡಿಯುತ್ತಿದ್ದೆ. ಆ ಮನುಷ್ಯನ ಬ್ಯಾಚಿನ ರಿಸಲ್ಟ್ ಮಣ್ಣುಪಾಲು ಮಾಡದೆ ಬಿಡುವುದಿಲ್ಲ ಎಂದುಕೊಂಡೆ.

ಮೊದಲು ಬಂದವಳು ಒಬ್ಬ ಹುಡುಗಿ. ಸ್ಪ್ಯಾನರನ್ನು ಸೌಟಿನ ಹಾಗೆ ಹಿಡಿದಿದ್ದಳು.

"ಲೇತ್ ಮುಟ್ಟಿದ್ದೀಯೇನೇ?"

"ಇಲ್ಲ ಮೇಡಂ. ರೆಕಾರ್ಡ್ ಬರ್ದಿದೀನಿ. ಎಲ್ಲರದ್ದೂ ನಾನೇ ಬರ್ದಿದ್ದು."

ಮೇಷ್ಟ್ರು ಹತ್ತಿರ ಬಂದು, "ಪಾಪದ ಹುಡುಗಿ, ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಮೇಡಂ" ಎಂದರು. ನನ್ನ ಗುರುತೇ ಹತ್ತಿರಲಿಲ್ಲ ಅವರಿಗೆ!

ಮೈಯೆಲ್ಲ ಉರಿದುಹೋಯಿತು. ಅಂಕಪಟ್ಟಿ ಬಿಡಿಸಿ ಪೆನ್ನು ತೆಗೆದೆ. ಫೇಲು ಎಂದು ಬರೆದರೆ ವರ್ಷ ಹಾಳಾಗುವುದು ಇವಳದು. ಮೇಷ್ಟ್ರಿಗೆ ಅಂಕ ಹಾಕಲು ಆ ಪಟ್ಟಿಯಲ್ಲಿ ಕಾಲಮ್ಮೇ ಇರಲಿಲ್ಲ.

ಪಟ್ಟಿ ಮಡಚಿಟ್ಟೆ. ನಿಯಮ ಹಾಳಾಗಿ ಹೋಗಲಿ ಎಂದು ಹುಡುಗಿಯ ಪಕ್ಕ ನಿಂತು ಟೂಲ್ ಕಟ್ಟುವುದರಿಂದ ಶುರುಮಾಡಿ ಕಲಿಸಿದೆ. ಮೇಷ್ಟ್ರ ಕೈಗೆ ಬಿಳಿ ಹಾಳೆ ಕೊಟ್ಟೆ.

"ನೀವು ಆ ಮೂಲೇಲಿ ಕೂತ್ಕೊಂಡು ಇವಳು ಮಾಡೋದನ್ನೆಲ್ಲ ಬರೀರಿ ಸಾರ್. ಇಲ್ಲಾಂದ್ರೆ ನಿಮ್ಮ ಬಗ್ಗೆ ನಾನು ಬರೀಬೇಕಾಗುತ್ತೆ, ಪರೀಕ್ಷಾ ಬೋರ್ಡಿಗೆ."

ಇಡೀ ಬ್ಯಾಚಿನ ಎದುರಿಗೆ ಕೂತು ಬರೆದರು. ಎರಡು ತುಂಡು ಹಾಳಾಗಿ ಮೂರನೆಯದು ಹುಡುಗಿಯ ಕೈಗೆ ಒಲಿಯಿತು. ಅದನ್ನು ಅಳೆದು, ಅದಕ್ಕೆ ಸಲ್ಲುವಷ್ಟೇ ಅಂಕ ಹಾಕಿದೆ. ಪಾಸಾದಳು.

ಮೇಷ್ಟ್ರು ಬೆವರು ಒರೆಸಿಕೊಂಡು ಹಾಳೆ ಚಾಚಿದರು. ನಾನು ನಿಧಾನವಾಗಿ ಓದಿ ವಾಪಸ್ ಕೊಟ್ಟೆ.

"ಅಕ್ಷರ ದುಂಡಗಿಲ್ಲ ಸಾರ್. ಇನ್ನೊಂದು ಸಲ ಬರೀರಿ."