ಸುಬ್ಬಿ ಆರಿಸಿದ ರಿಪೇರಿ ಪುಸ್ತಕ

ಕುಮಟಾ ಪೇಟೆ ಇನ್ನೂ ಪೂರ್ತಿ ಎದ್ದಿಲ್ಲ. ಹೊಳೆಯ ಕಡೆಯಿಂದ ಬಂದ ಮಂಜು ಹೆದ್ದಾರಿಯ ಮೇಲೆ ಮಲಗಿದೆ. ಅದರೊಳಗಿಂದ ಎತ್ತಿನ ಗಂಟೆಯ ಸದ್ದು ಬರುತ್ತದೆ, ಗಾಡಿ ಕಾಣುವುದಿಲ್ಲ. ರಸ್ತೆ ಬದಿಯಲ್ಲಿ ತೆಂಗಿನ ಮಡಲು ಹೊದೆಸಿದ ಷೆಡ್ಡಿನೊಳಗೆ ಸುಬ್ಬಿ ಚಾಪೆ ಬಿಡಿಸುತ್ತಾಳೆ. ಕೊರಳ ತುಂಬ ಇರುವ ಮಣಿಸರಗಳನ್ನು ಒಟ್ಟುಮಾಡಿ ಬೆನ್ನ ಹಿಂದಕ್ಕೆ ಹಾಕಿ, ಸೆರಗು ಬಿಗಿದು, ಸೀಮೆಎಣ್ಣೆಯ ತಟ್ಟೆಯೊಳಕ್ಕೆ ಕೈ ಇಳಿಸುತ್ತಾಳೆ. ಮೋಟಾರ್ ಸೈಕಲ್ಲಿನ ಪಿಸ್ಟನ್ನೊಂದು ಮೇಲೆ ಬರುತ್ತದೆ, ಬಾವಿಗೆ ಬಿದ್ದು ಸಿಕ್ಕಿದ ತಂಬಿಗೆಯ ಹಾಗೆ.

ಪಕ್ಕದಲ್ಲಿ ಮರದ ಪೆಟ್ಟಿಗೆಯ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಗಂಡ ದೇವು ಕುಳಿತಿದ್ದಾನೆ. ಸುಬ್ಬಿ ಪಿಸ್ಟನ್ನನ್ನು ಬೆರಳ ಗೆಣ್ಣಿನಿಂದ ಮೆಲ್ಲಗೆ ತಟ್ಟುತ್ತಾಳೆ. ಅವನು ತಲೆ ಓರೆ ಮಾಡಿ ಕೇಳುತ್ತಾನೆ.

"ಇನ್ನೊಂದ್ಸಲ."

ಅವಳು ಮತ್ತೆ ತಟ್ಟುತ್ತಾಳೆ.

"ಬಿರುಕಿಲ್ಲ. ಒರ್ಸಿ ಇಡು."

ಈ ಕರಾವಳಿಯಲ್ಲಿ ಮೋಟಾರ್ ಸೈಕಲ್ ಇಟ್ಟವರು ಇನ್ನೂ ಬೆರಳೆಣಿಕೆಯಷ್ಟು ಮಂದಿ. ಅವರ ಗಾಡಿ ಕೈಕೊಟ್ಟರೆ ಹೊನ್ನಾವರದಿಂದಲೂ ಭಟ್ಕಳದಿಂದಲೂ ಇಲ್ಲಿಗೇ ಬರುತ್ತದೆ. ದೇವು ಮೇಸ್ತ್ರಿಯ ಕೈಗುಣ ಒಳ್ಳೆಯದು ಎಂದು ಎಲ್ಲರೂ ಹೇಳುತ್ತಾರೆ. ಆ ಕೈ ಯಾರದು ಎಂದು ಕಳೆದ ಮಳೆಗಾಲದವರೆಗೆ ಯಾರೂ ಕೇಳಿರಲಿಲ್ಲ.

ಸುಬ್ಬಿ ಕಾಗಾಲದವಳು. ತವರಿನಲ್ಲಿ ಗದ್ದೆಯ ಕೆಲಸ, ಗದ್ದೆ ಕೊಯ್ದ ಮೇಲೆ ಬಸಳೆ, ಹರಿವೆ, ಸೌತೆಯ ಕೆಲಸ. ತಾಯಿಯೊಂದಿಗೆ ಬುಟ್ಟಿ ಹೊತ್ತು ಕುಮಟಾಕ್ಕೆ ಬರುತ್ತಿದ್ದಳು. ಹೆದ್ದಾರಿಯಲ್ಲಿ ಮೋಟಾರ್ ಸೈಕಲ್ ಹೋದರೆ ಉಳಿದ ಹುಡುಗಿಯರು ಗಟಾರಕ್ಕೆ ಹಾರುತ್ತಿದ್ದರಂತೆ, ಇವಳು ನಿಂತು ನೋಡುತ್ತಿದ್ದಳಂತೆ. "ಅದ್ರ ಹೊಟ್ಟೆ ಒಳ್ಗೆ ಎಂತ ಇದ್ದೀತು ಹೇಳಿ ಯೋಚ್ನೆ. ಕನಸಲ್ಲೂ ಅದೇ ಬರ್ತಿತ್ತು. ಒಂದೊಂದ್ಸಲ ಹೊಟ್ಟೆ ತುಂಬ ಸೌತೆಕಾಯಿ ಇರ್ತಿತ್ತು," ಎಂದು ನಗುತ್ತಾಳೆ.

ದೇವು ಮುಂಬಯಿಯ ಗ್ಯಾರೇಜಿನಲ್ಲಿ ಕೆಲಸ ಕಲಿತು ಊರಿಗೆ ಬಂದವನು. ಮದುವೆಯಾದ ಮೇಲೆ ಸುಬ್ಬಿ ಮಧ್ಯಾಹ್ನದ ಗಂಜಿ ತಂದವಳು ಅಲ್ಲೇ ಕೂರುತ್ತಿದ್ದಳು, ನಟ್ಟು ಬಿಚ್ಚಲು ಕೇಳಿದ ಪಾನಾ ಎತ್ತಿ ಕೊಡುತ್ತಿದ್ದಳು. ಬರಬರುತ್ತ ಕೇಳುವ ಮೊದಲೇ ಕೊಡತೊಡಗಿದಳು. ಒಂದು ಬೇಸಿಗೆಯಲ್ಲಿ ಬ್ಯಾಟರಿಯ ಆಸಿಡ್ ದೇವುವಿನ ಎರಡೂ ಕಣ್ಣಿಗೆ ಸಿಡಿಯಿತು. ಆಮೇಲೆ ಅವನಿಗೆ ಬೆಳಕು ಯಾವುದು, ನೆರಳು ಯಾವುದು ಎಂಬಷ್ಟೇ ಉಳಿಯಿತು.

"ಜನಕ್ಕೆ ಹೇಳ್ಬೇಡ ಅಂದೆ," ಎನ್ನುತ್ತಾನೆ ದೇವು. "ಕಣ್ಣಿಲ್ದೇ ಇದ್ದವ್ನ ಹತ್ರ ಯಾರು ಗಾಡಿ ಬಿಡ್ತ್ರು?" ಬೆಸುಗೆಯ ಬೆಂಕಿಗೆ ಕಣ್ಣು ಉರಿಯುತ್ತದೆ ಎಂದು ನೆಪ ಹೇಳಿ ಕಪ್ಪು ಕನ್ನಡಕ ಹಾಕಿಕೊಂಡ. ಗಾಡಿ ತಂದವರಿಗೆ ಸಂಜೆ ಬನ್ನಿ ಎನ್ನುತ್ತಿದ್ದ. ಅವರು ಬರುವ ಹೊತ್ತಿಗೆ ಸುಬ್ಬಿ ಕೈ ತೊಳೆದು ಒಲೆಯ ಮುಂದೆ ಇರುತ್ತಿದ್ದಳು.

ಹೀಗೆ ವರ್ಷಗಳೇ ನಡೆದವು. ಆಮೇಲೆ ಸಂತೆಗುಳಿಯ ವೈದ್ಯರಾದ ನಾಗಪತಿ ಹೆಗಡೆಯವರ ಗಾಡಿ ಬಂತು.

ಅದು ಮಹಾಯುದ್ಧದ ಕಾಲದ ಇಂಗ್ಲಿಷ್ ಗಾಡಿ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ್ದು, ಕೈಯಿಂದ ಕೈಗೆ ದಾಟಿ ಹೆಗಡೆಯವರಿಗೆ ಸಿಕ್ಕಿತ್ತು. ಅದರ ಸದ್ದು ಕೇಳಿದರೆ ಒಳಗಿನ ಹಳ್ಳಿಗಳಲ್ಲಿ ಕಾಯಿಲೆ ಬಿದ್ದವರು ಎದ್ದು ಕೂರುತ್ತಿದ್ದರು. ಆಷಾಢದ ಒಂದು ದಿನ ತುಂಬಿದ ಹಳ್ಳ ದಾಟುವಾಗ ಎಂಜಿನ್ನಿಗೆ ನೀರು ಹೊಕ್ಕಿತು. ಊರಿನಲ್ಲಿ ಯಾರೋ ಉಪಕಾರ ಮಾಡುತ್ತೇನೆಂದು ಅದನ್ನು ಬಿಚ್ಚಿದರು, ಮತ್ತೆ ಕಟ್ಟಲಾರದೆ ಗೋಣಿಚೀಲಕ್ಕೆ ತುಂಬಿದರು. ವೈದ್ಯರು ನಡೆದು ಹೋಗಬಲ್ಲಷ್ಟು ದೂರ ನಡೆದರು. ಅದರಾಚೆಯವರನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು ತರಬೇಕಾಯಿತು. ಹಾಗೆ ತಂದ ಒಬ್ಬ ಬಾಣಂತಿ ದಾರಿಯಲ್ಲೇ ತೀರಿಕೊಂಡಳು.

ಚಾಪೆಯ ಮೇಲೆ ಹರಡಿದ ತುಂಡುಗಳನ್ನು ದೇವು ಬೆರಳಾಡಿಸಿ ನೋಡಿದ. ಹಲ್ಲಿನ ಚಕ್ರವೊಂದರ ಮೇಲೆ ಅವನ ಬೆರಳು ನಿಂತಿತು. ಅದರಲ್ಲಿ ಒಂದು ಕಡೆ ಗೆರೆ ಕೊರೆದಿತ್ತು, ಇನ್ನೊಂದು ಕಡೆ ಚುಕ್ಕೆ ಹೊಡೆದಿತ್ತು. ಅದರ ಜೋಡಿ ಚಕ್ರದಲ್ಲೂ ಹಾಗೆಯೇ. ಯಾವುದಕ್ಕೆ ಯಾವುದು ಎದುರಾಗಬೇಕು? ತಪ್ಪಿ ಕೂರಿಸಿದರೆ ಕಿಕ್ ಹೊಡೆದ ಕ್ಷಣದಲ್ಲೇ ವಾಲ್ವು ಬಾಗುತ್ತದೆ. ಬೇರೆ ವಾಲ್ವು ಈ ದೇಶದಲ್ಲಿ ಸಿಗುವಂಥದ್ದಲ್ಲ.

"ಇದ್ಕೆ ಪುಸ್ತಕ ಬೇಕು ಡಾಕ್ಟ್ರೆ," ಎಂದ ದೇವು. "ಭಟ್ಕಳದಲ್ಲಿ ದಾಮೂದಿ ಸಾಹೇಬ್ರ ಅಂಗ್ಡೀಲಿ ಇದ್ದೀತು. ಮುಂಬಯಿಂದ ಹಳೇ ಸಾಮಾನು ತರ್ಸ್ತ್ರು."

"ತಗಂಡು ಬಾ. ಇಂಗ್ಲಿಷ್ ಓದಿ ಹೇಳೂಕೆ ನಾನಿದ್ದೇನೆ," ಎಂದರು ಹೆಗಡೆಯವರು.

ಗಂಡ ಹೆಂಡತಿ ಮೊದಲ ಬಸ್ಸಿಗೆ ಹೊರಟರು. ಸುಬ್ಬಿ ಆ ಚಕ್ರವನ್ನು ಅರಿವೆಯಲ್ಲಿ ಸುತ್ತಿ ಮಡಿಲಿನಲ್ಲಿ ಇಟ್ಟುಕೊಂಡಿದ್ದಳು. ಹೊನ್ನಾವರದಲ್ಲಿ ಬಸ್ಸಿಳಿದು ಶರಾವತಿ ದಾಟಲು ದೋಣಿ ಹತ್ತಿದರು. ಮಳೆ ಬಿಟ್ಟಿದ್ದರೂ ಹೊಳೆ ಸಮುದ್ರದಷ್ಟು ಅಗಲವಾಗಿತ್ತು. ಆಚೆಯ ದಡ ಇದೆಯೋ ಇಲ್ಲವೋ ಎನ್ನುವ ಹಾಗಿತ್ತು. ಆ ದೋಣಿಯಲ್ಲಿ ಕೂತು ಅವಳಿಗೆ ಒಂದು ವಿಚಿತ್ರ ಸುಖವಾಯಿತಂತೆ. "ಮಡ್ಲಲ್ಲಿ ಮಗು ಮಲಗ್ಸಿಕಂಡ ಹಂಗೇ ಆತು. ಎಬ್ಬಿಸ್ಬಾರ್ದು ಹೇಳಿ ಉಸ್ರು ಹಿಡ್ಕಂಡಿದ್ದೆ." ಆಚೆ ದಡದಲ್ಲಿ ಇನ್ನೊಂದು ಬಸ್ಸು ಹಿಡಿದರು.

ದಾಮೂದಿ ಸಾಹೇಬರು ಆ ಜಾತಿಯ ಗಾಡಿಗೆ ಸಂಬಂಧಪಟ್ಟ ಮೂರು ಪುಸ್ತಕ ತೆಗೆದು ದೇವುವಿನ ಮುಂದಿಟ್ಟರು. ಒಂದು ದಪ್ಪ, ಹೊಳೆಯುವ ರಟ್ಟಿನದು. ಒಂದು ಗಾಡಿಯ ಮಾಲೀಕರಿಗಾಗಿ ಬರೆದದ್ದು. ಮತ್ತೊಂದು ತೆಳ್ಳಗಿತ್ತು, ರಟ್ಟು ಹರಿದು ಎಣ್ಣೆ ಕುಡಿದಿತ್ತು. ಸುಬ್ಬಿ ಹೊಸ್ತಿಲ ಆಚೆ ನಿಂತಿದ್ದಳು.

ದೇವು ದಪ್ಪ ಪುಸ್ತಕ ಕೈಗೆ ತೆಗೆದುಕೊಂಡ, ಹಾಳೆ ತಿರುವಿದ, ನೋಡಿದವನ ಹಾಗೆ ತಲೆಯಾಡಿಸಿದ. ಪುಸ್ತಕ ತಲೆಕೆಳಗಾಗಿತ್ತು. ಸಾಹೇಬರಿಗೆ ಅದು ಕಂಡಿತೋ ಇಲ್ಲವೋ. ಸುಬ್ಬಿಗೆ ಕಂಡಿತು. ಅಷ್ಟು ದೂರದಿಂದಲೂ ಅವಳಿಗೆ ಇನ್ನೊಂದೂ ಕಂಡಿತು: ಆ ಪುಸ್ತಕದ ಚಿತ್ರದಲ್ಲಿದ್ದ ಎಂಜಿನ್ನಿನ ಹೊಟ್ಟೆಯ ಆಕಾರವೇ ಬೇರೆ.

"ಇದೇ ಆಗ್ತದೆ," ಎಂದ ದೇವು.

ಪರರ ಮುಂದೆ ಗಂಡನ ಮಾನ ತೆಗೆಯಲು ಅವಳ ನಾಲಿಗೆ ಏಳಲಿಲ್ಲ. ದಪ್ಪ ಪುಸ್ತಕ ಕೊಂಡು ಇಬ್ಬರೂ ಬಸ್ ನಿಲ್ಲುವಲ್ಲಿಗೆ ನಡೆದರು. ಅಲ್ಲಿ ಕಟ್ಟೆಯ ಮೇಲೆ ಕೂತ ಮೇಲೆ ಅವಳು ಮಡಿಲಿನ ಗಂಟು ಬಿಚ್ಚಿ, ಚಕ್ರವನ್ನು ಗಂಡನ ಅಂಗೈಯಲ್ಲಿ ಇಟ್ಟಳು.

"ಇದು ಆ ಪುಸ್ತಕದಲ್ಲಿಲ್ಲ," ಎಂದಳು.

ದೇವು ಬಹಳ ಹೊತ್ತು ಅದರ ಹಲ್ಲುಗಳ ಮೇಲೆ ಹೆಬ್ಬೆರಳಾಡಿಸುತ್ತ ಕೂತಿದ್ದ. ಬಸ್ಸು ಬಂತು, ಹೋಯಿತು.

"ಆಗ್ಲೇ ಯಾಕೆ ಹೇಳ್ಲಿಲ್ಲ?"

"ನಿಮ್ಗೆ ಬೇಜಾರಾಗ್ತಿತ್ತು."

"ನನ್ನ ಬೇಜಾರು ದೊಡ್ದಾ? ಆ ಬಾಣಂತಿ ಮನೆಯವ್ರಿಗೆ ಆದದ್ದು ಎಂತ ಮತ್ತೆ?" ಎಂದು ಅವನು ಎದ್ದ. "ನಡಿ. ಕೈ ಹಿಡಿ."

ಅಂಗಡಿಯಲ್ಲಿ ದೇವು ಕನ್ನಡಕ ತೆಗೆದ. "ಸಾಹೇಬ್ರೆ, ನಂಗೆ ಕಣ್ಣು ಕಾಣೂದಿಲ್ಲ. ವರ್ಷಗಟ್ಲೆ ಕೆಲ್ಸ ಮಾಡ್ತಿದ್ದವ್ಳು ಇವ್ಳು. ಪುಸ್ತಕ ಇವ್ಳ ಕೈಲಿ ಕೊಡಿ."

ಸಾಹೇಬರು ತಮ್ಮ ಕುರ್ಚಿ ಬಿಟ್ಟು ಎದ್ದರು. "ಒಳ್ಗೆ ಬಾ ತಂಗಿ. ಕೂತ್ಕೊ. ಅವಸರ ಇಲ್ಲ."

ಸುಬ್ಬಿ ನೆಲದ ಮೇಲೆಯೇ ಕೂತು ಮೂರೂ ಪುಸ್ತಕ ಹರಡಿಕೊಂಡಳು. ಒಂದಕ್ಷರ ಬಾರದವಳು ಒಂದೊಂದೇ ಚಿತ್ರದ ಪಕ್ಕದಲ್ಲಿ ಚಕ್ರವಿಟ್ಟು ಹಲ್ಲು ಹೋಲಿಸಿದಳು. ಮಾಲೀಕರ ಪುಸ್ತಕದಲ್ಲಿ ಎಂಜಿನ್ನಿನ ಒಳಗೆ ಹೋಗುವ ಚಿತ್ರವೇ ಇರಲಿಲ್ಲ. ತೆಳ್ಳಗಿನ ಪುಸ್ತಕದ ನಡುವೆ ಒಂದು ಹಾಳೆ ಉಳಿದವಕ್ಕಿಂತ ಕಪ್ಪಾಗಿತ್ತು, ಯಾರದೋ ಬೆರಳ ಗುರುತು ಅದರ ಅಂಚಿನಲ್ಲಿ ಹೂವಿನ ಎಸಳಿನಂತೆ ಮೂಡಿತ್ತು. ಚಕ್ರವನ್ನು ಪಕ್ಕಕ್ಕಿಟ್ಟಳು. ಅದೇ ಗೆರೆ, ಅದೇ ಚುಕ್ಕೆ.

"ಯಾವ ಊರಿನವ್ನೋ, ಇದೇ ಜಾಗದಲ್ಲಿ ಅಂವನೂ ಸಿಕ್ಕಿಬಿದ್ದಿದ್ದ," ಎನ್ನುತ್ತಾಳೆ ಸುಬ್ಬಿ. "ಬೆರಳಿಟ್ಟು ತೋರ್ಸ್ದ ಹಂಗೇ ಇತ್ತು. ಅದ್ನೇ ತಗಂಡೆ."

ಆ ಪುಸ್ತಕವನ್ನು ಹೆಗಡೆಯವರು ಷೆಡ್ಡಿನ ಬಾಗಿಲಲ್ಲಿ ಕೂತು ಓದಿದರು. ಓದಿದ್ದನ್ನು ಕನ್ನಡದಲ್ಲಿ ಹೇಳಿದರು. ದೇವು ಅದರ ಅರ್ಥ ಬಿಡಿಸಿದ. ಸುಬ್ಬಿ ನಾಟಿಯ ಹಾಡಿನ ಧಾಟಿಗೆ ಅದನ್ನು ಕೂರಿಸಿಕೊಂಡು, ಯಾವುದಾದ ಮೇಲೆ ಯಾವುದು ಎಂದು ಗುನುಗುತ್ತ, ಗೆರೆಗೆ ಗೆರೆ, ಚುಕ್ಕೆಗೆ ಚುಕ್ಕೆ ಎದುರು ಮಾಡಿ ಕಟ್ಟಿದಳು. ಕೊನೆಗೆ ಪಕ್ಕದಲ್ಲಿ ನಿಂತೇ ಕಿಕ್ ಹೊಡೆದಳು. ಮೊದಲ ಒದೆತಕ್ಕೆ ಗಾಡಿ ಕೆಮ್ಮಿತು. ಮತ್ತೆ ಒದ್ದಾಗ ಎದ್ದಿತು. ಷೆಡ್ಡಿನ ಮಡಲೆಲ್ಲ ನಡುಗಿದವು, ಎದುರಿನ ಮರದ ಕೊಕ್ಕರೆಗಳು ಒಟ್ಟಿಗೆ ಹಾರಿ ಮೋಡದೊಳಗೆ ಕರಗಿದವು. ಹೆಗಡೆಯವರು ಏನೋ ಹೇಳಿದರು. ಸದ್ದಿನಲ್ಲಿ ಕೇಳಿಸಲಿಲ್ಲ. ಕೈ ಮುಗಿದದ್ದು ಮಾತ್ರ ಸುಬ್ಬಿಗೆ ಕಂಡಿತು.

ಈಗ ಸುದ್ದಿ ಎಲ್ಲರಿಗೂ ಗೊತ್ತು. ಹೆಂಗಸು ಮುಟ್ಟಿದ ಗಾಡಿ ಬೇಡವೆಂದು ಕೆಲವರು ಬೇರೆ ಕಡೆ ಹೋಗುತ್ತಾರೆ. "ಹೋಗ್ಲಿ. ಬಂದವ್ರ ಕೆಲ್ಸವೇ ಮುಗಿಯೂದಿಲ್ಲ," ಎನ್ನುತ್ತಾಳೆ. ಈಗ ಸಂಜೆ ಯಾರಾದರೂ ಬಂದರೆ ಒಲೆಯ ಮುಂದೆ ದೇವು ಇರುತ್ತಾನೆ, ಗಂಜಿ ಉಕ್ಕುವ ಸದ್ದಿಗೆ ಕಿವಿ ಕೊಟ್ಟುಕೊಂಡು.

ಮಂಜು ಕರಗಿ ರಸ್ತೆಯ ಮೇಲೆ ಎಳೆಬಿಸಿಲು ಇಳಿದಿದೆ. ಪಿಸ್ಟನ್ ಒರೆಸಿ ಚಾಪೆಯ ಮೇಲಿಟ್ಟ ಸುಬ್ಬಿಯನ್ನು ನಿನಗೇನಾದರೂ ಆಸೆಯಿದೆಯೇ ಎಂದು ಕೇಳಿದರೆ ಅವಳು ನಾಚುತ್ತಾಳೆ.

"ಇಷ್ಟು ಗಾಡಿ ಬಿಚ್ಚಿ ಕಟ್ದೆ, ಒಂದರ ಮೇಲೂ ಕೂತವ್ಳಲ್ಲ. ಡಾಕ್ಟ್ರು ಹಿಂದೆ ಕೂತ್ಕ ಅಂದ್ರು, ನಾ ಒಲ್ಲೆ ಅಂದೆ. ನಂಗೆ ಮುಂದೆ ಕೂರ್ಬೇಕು. ಕಾಗಾಲದವರೆಗೆ ನಾನೇ ಬಿಟ್ಕಂಡು ಹೋಗ್ಬೇಕು."

"ಹಿಂದೆ ಯಾರು ಕೂರೂದು?" ಎಂದು ಕೇಳುತ್ತದೆ ಪೆಟ್ಟಿಗೆಯ ಮೇಲಿನ ದನಿ. ಉತ್ತರವನ್ನೂ ಅದೇ ಕೊಡುತ್ತದೆ. "ನಾನೇ ಕೂತ್ಕಂತೆ. ಹಿಂದೆ ಕೂರೂಕೆ ಕಣ್ಣೆಂತಕ್ಕೆ?"