ಅರುಣಾಳ ತೇವಮಾಪಕಕ್ಕೆ ಮುದ್ರೆ ಬಿದ್ದದ್ದು

ನ್ಯಾಮತಿಯಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಕೆಟ್ಟರೆ ಅರುಣಾಳ ಅಂಗಡಿಗೇ ಬರಬೇಕು. ಐಟಿಐ ಓದಿದವಳು, ಕೆಲಸಕ್ಕೆ ಕೂತರೆ ಊಟದ ನೆನಪೂ ಇರುವುದಿಲ್ಲ. ದಲ್ಲಾಳಿಗಳು ಮೆಕ್ಕೆಜೋಳದ ಕಾಳು ಕಚ್ಚಿ, "ಹಸಿ ಐತೆ" ಎಂದು ಬೆಲೆ ಇಳಿಸುವುದನ್ನು ನೋಡಿ ನೋಡಿ ಅವಳಿಗೆ ರೇಗಿಹೋಗಿತ್ತು. ಎರಡು ವರ್ಷ ಹಟ ಹಿಡಿದು ಒಂದು ಯಂತ್ರ ಮಾಡಿದಳು. ಬಟ್ಟಲಿಗೆ ಹಿಡಿ ಕಾಳು ಸುರಿದರೆ ತೇವ ಎಷ್ಟೆಂದು ಅಂಕಿ ಮೂಡುತ್ತಿತ್ತು. ಗೋವಿನಕೋವಿಯಲ್ಲಿ, ಸವಳಂಗದಲ್ಲಿ ಹನ್ನೆರಡು ಮಂದಿ ರೈತರು ತಮಗೂ ಬೇಕೆಂದರು. ಅರುಣಾ ಸಣ್ಣ ಕಂಪನಿ ನೋಂದಾಯಿಸಿ ಬೋರ್ಡನ್ನೂ ಬರೆಸಿದಳು.

ಅಷ್ಟರಲ್ಲಿ ತಕ್ಕಡಿಗಳಿಗೆ ವರ್ಷದ ಮುದ್ರೆ ಹಾಕಲು ಅಳತೆ-ತೂಕದ ಇನ್‌ಸ್ಪೆಕ್ಟರ್ ಕಲ್ಲೇಶ್ ಬಂದರು. ಯಂತ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಚಂದ ಮಾಡೀಯಮ್ಮ. ಆದ್ರೆ ಮಾದರಿಗೆ ಒಪ್ಪಿಗೆ ಸಿಗೋವರ್ಗೂ ಮಾರಾಕೆ ಬರಲ್ಲ."

"ಹಲ್ಲಾಗೆ ಕಚ್ಚಿ ಹೇಳೋರಿಗೆ ಯಾರ ಒಪ್ಪಿಗೆ ಐತ್ರೀ ಸರ್?"

"ಹಲ್ಲು ತಪ್ಪಿದ್ರೆ ಜನ ಜಗಳಕ್ಕೆ ನಿಲ್ತಾರೆ. ಮಿಷನ್ ತಪ್ಪಿದ್ರೂ ನಂಬ್ತಾರೆ. ಅದಕ್ಕೇ ಕಾನೂನು," ಎಂದ ಕಲ್ಲೇಶ್, ತಾವೇ ಕೂತು ಅರ್ಜಿ ತುಂಬಿಸಿದರು.

ಗೊಣಗುತ್ತಲೇ ಅರುಣಾ ಯಂತ್ರದ ಪರೀಕ್ಷೆಗೆಂದು ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋದಳು. ಅಲ್ಲಿನ ಅಧಿಕಾರಿಣಿ ಗಾಜಿನ ಗೂಡಿನೊಳಗಿದ್ದ ತಕ್ಕಡಿಯ ಮೇಲೆ ಒಂದೇ ಒಂದು ಮೆಕ್ಕೆಜೋಳದ ಕಾಳಿಟ್ಟು ಬಾಗಿಲು ಮುಚ್ಚಿದರು. ಅಂಕಿ ನಿಲ್ಲಲಿಲ್ಲ. ತುದಿಯ ಸಂಖ್ಯೆ ಮೆಲ್ಲಮೆಲ್ಲನೆ ಇಳಿಯುತ್ತಲೇ ಇತ್ತು.

"ಕೆಟ್ಟಿದೆಯಾ ಮೇಡಂ?"

"ಇಲ್ಲ. ಕಾಳಿನ ನೀರು ಆರುತ್ತಿದೆ, ನೋಡಿ."

ಅರುಣಾ ಗಾಜಿನ ಹತ್ತಿರಕ್ಕೆ ಬಗ್ಗಿದಳು. ಹುಟ್ಟಿದಾಗಿನಿಂದ ಜೋಳದ ರಾಶಿಯ ಮಧ್ಯೆ ಬೆಳೆದವಳು ಒಂದು ಕಾಳು ಒಣಗುವುದನ್ನು ಕಣ್ಣಾರೆ ಕಂಡದ್ದು ಅದೇ ಮೊದಲು.

ಆಮೇಲೆ ಅವಳ ಯಂತ್ರವನ್ನು ನಲವತ್ತು ಡಿಗ್ರಿಯ ಬಿಸಿ ಕೋಣೆಯಲ್ಲಿಟ್ಟರು. ತೇವ ಶೇಕಡಾ ಹದಿನಾಲ್ಕು ತೋರಿಸಬೇಕಾದದ್ದು ಹದಿನಾರು ತೋರಿಸಿತು. ಅಂದೇ ಮಾರಿಬಿಟ್ಟಿದ್ದರೆ, ಎಂದುಕೊಂಡಳು ಅರುಣಾ. ಬಿಸಿಲ ಕಣದಲ್ಲಿ ತನ್ನ ಯಂತ್ರವೇ ರೈತರ ಒಣ ಜೋಳವನ್ನು ಹಸಿ ಎನ್ನುತ್ತಿತ್ತು, ಅವರೂ ನಂಬುತ್ತಿದ್ದರು.

ಯಂತ್ರಕ್ಕೆ ಶಾಖ ಅರಿಯುವ ಬಿಡಿಭಾಗ ಸೇರಿಸಿದಳು. ಅಪ್ಪ ಹಾಲೇಶಪ್ಪ ಬೆಳೆದ ಜೋಳವನ್ನು ಒಲೆಯಲ್ಲಿ ಒಣಗಿಸಿ, ತೂಗಿ, ತಾಳೆ ನೋಡುವುದರಲ್ಲೇ ತಿಂಗಳುಗಳು ಕಳೆದವು. ನಡುವೆ ಜಗಳೂರಿನ ವ್ಯಾಪಾರಿಯೊಬ್ಬ, "ಮುದ್ರೆ ಆಮೇಲೆ ನೋಡನ, ಐವತ್ತು ಮಿಷನ್ ಕೊಡ್ರಿ" ಎಂದರೂ ಒಪ್ಪಲಿಲ್ಲ. ಮೂರನೆಯ ಸಲಕ್ಕೆ ಯಂತ್ರ ಪಾಸಾಯಿತು. ಒಟ್ಟು ಹದಿನಾಲ್ಕು ತಿಂಗಳು ಹಿಡಿಯಿತು. ಸೀಲಿನ ತಂತಿ ಬಿಗಿದು ಮುದ್ರೆ ಒತ್ತಿದವರು ಕಲ್ಲೇಶರೇ.

ಆ ಸುಗ್ಗಿಯಲ್ಲಿ ಹೊನ್ನಾಳಿ ಮಾರುಕಟ್ಟೆಯಲ್ಲಿ ಹಾಲೇಶಪ್ಪ ಬಟ್ಟಲಿಗೆ ಜೋಳ ಸುರಿದರು. ದಲ್ಲಾಳಿಯೂ ಹಮಾಲರೂ ಬಗ್ಗಿ ನೋಡಿದರು. ಹದಿಮೂರು ಪಾಯಿಂಟ್ ಎಂಟು, ಪೂರ್ತಿ ಬೆಲೆಗೆ ಬೇಕಾದ ಹದಿನಾಲ್ಕರ ಒಳಗೇ. ಯಾರೂ ತುಟಿ ಬಿಚ್ಚಲಿಲ್ಲ. ದಲ್ಲಾಳಿ ಮುದ್ರೆಯನ್ನೊಮ್ಮೆ ಮುಟ್ಟಿ ನೋಡಿ ಪೂರ್ತಿ ಬೆಲೆ ಬರೆದ.

"ಅಷ್ಟೂ ಜನ ಸುಮ್ಕಾದ್ರಲ್ಲವ್ವ, ಅದ್ಹೆಂಗೆ?" ಎಂದು ಪಕ್ಕದಲ್ಲಿದ್ದ ಮಗಳನ್ನು ಕೇಳಿದರು ಹಾಲೇಶಪ್ಪ.

ಮಿಷನ್ ತಪ್ಪಿದ್ರೂ ನಂಬ್ತಾರೆ ಎಂದಿದ್ದ ಕಲ್ಲೇಶರ ಮಾತು ಅರುಣಾಳಿಗೆ ನೆನಪಾಯಿತು. ಚೀಲ ಹೊತ್ತು ಹೊರಟ ಹಮಾಲರನ್ನೇ ನೋಡುತ್ತ ನಿಂತಿದ್ದಳು.